ಕ್ರಿಪ್ಟೋ ಫ್ಯೂಚರ್ಸ್‌ನಲ್ಲಿ ಲಾಭ-ನಷ್ಟದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ನಾನು ಕೂತು ಹೊಸೆದದ್ದಲ್ಲ. ಕೆಲವು ಟೀ ಅಂಗಡಿ ಮುಂದೆ ಬಂದವು, ಕೆಲವು ರಾತ್ರಿ ಹನ್ನೊಂದರ ಮೇಲೆ ಸ್ಕ್ರೀನ್‌ಶಾಟ್ ಹೊತ್ತು ವಾಟ್ಸಾಪ್‌ಗೆ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಫ್ಯೂಚರ್ಸ್ ಅಂದರೆ ಕಾಯಿನ್ ಕೊಳ್ಳದೆಯೇ ಅದರ ಬೆಲೆಯ ಏರಿಳಿತದ ಮೇಲೆ ಮಾಡುವ ವ್ಯವಹಾರ. ಯಾವ ಕಾಯಿನ್ ಏರುತ್ತದೆ ಅನ್ನುವುದಕ್ಕೆ ಇಲ್ಲಿ ಉತ್ತರ ಇಲ್ಲ. ಏರಿದರೆ ಕೈಗೆಷ್ಟು, ಇಳಿದರೆ ಕೈಯಿಂದೆಷ್ಟು, ಅಷ್ಟೇ ಇದೆ.

ಎಲ್ಲ ಉದಾಹರಣೆಗೂ ಬಿಟ್‌ಕಾಯಿನ್ ಬೆಲೆ 1,00,000 ಡಾಲರ್, ಒಂದು ಯುಎಸ್‌ಡಿಟಿಗೆ (ಬೆಲೆ ಡಾಲರ್‌ಗೆ ಸಮ ಇರುವ ಹಾಗೆ ಕಟ್ಟಿದ ಕ್ರಿಪ್ಟೋ ಕಾಯಿನ್) 90 ರೂಪಾಯಿ ಅಂತ ಹಿಡಿದಿದ್ದೇನೆ. ಗುಣಿಸುವುದಕ್ಕೆ ಸುಲಭ ಅಂತ, ಇವತ್ತಿನ ರೇಟು ಅಂತಲ್ಲ. ಶುಲ್ಕವನ್ನೂ ಹಾಗೇ 0.05% ಅಂದುಕೊಂಡಿದ್ದೇನೆ. ನಿಮ್ಮ ಎಕ್ಸ್‌ಚೇಂಜ್‌ನ ಅಂಕಿ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ.

## ಶುರು ಮಾಡುವವರಿಗೆ

ಲಾಭ ಎಷ್ಟು ಅಂತ ಲೆಕ್ಕ ಹಾಕೋ ಸೂತ್ರ ಏನು? ಸಿಂಪಲ್ಲಾಗಿ ಹೇಳಿ

ಲಾಂಗ್ ಹಿಡಿದಿದ್ದರೆ, ಅಂದರೆ ಏರುತ್ತದೆ ಅಂತ ಮೊದಲು ಕೊಂಡಿದ್ದರೆ, ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆಯಿರಿ. ಉಳಿದದ್ದನ್ನು ಎಷ್ಟು ಕಾಯಿನ್ ಹಿಡಿದಿದ್ದಿರೋ ಅಷ್ಟರಿಂದ ಗುಣಿಸಿ. ಶಾರ್ಟ್ ಅಂದರೆ ಇಳಿಯುತ್ತದೆ ಅಂತ ಮೊದಲು ಮಾರುವುದು, ಅಲ್ಲಿ ಕ್ರಮ ಮಾತ್ರ ಉಲ್ಟಾ: ಮೊದಲು ಮಾರಿದ ಬೆಲೆಯಲ್ಲಿ ಆಮೇಲೆ ಕೊಂಡ ಬೆಲೆ ಕಳೆಯಬೇಕು.

1,00,000ಕ್ಕೆ 0.05 ಬಿಟ್‌ಕಾಯಿನ್ ಲಾಂಗ್ ಮಾಡಿ 1,02,400ಕ್ಕೆ ಮುಚ್ಚಿದಿರಿ ಅನ್ನಿ. 2,400 × 0.05 = 120 ಯುಎಸ್‌ಡಿಟಿ. ಇದು ಒಟ್ಟು ಲಾಭ, ಕೈಗೆ ಬರುವ ದುಡ್ಡು ಅಲ್ಲ. ಇದೇ ಟ್ರೇಡನ್ನು ಕೆಳಗೂ ಎಳೆದುಕೊಂಡು ಹೋಗುತ್ತೇನೆ.

10 ಎಕ್ಸ್ ಹಾಕಿದ್ರೆ ಲಾಭ ಹತ್ತು ಪಟ್ಟು ಆಗುತ್ತೆ ಅಲ್ವಾ?

ಇಲ್ಲ. ಮೇಲಿನ ಸೂತ್ರ ಇನ್ನೊಂದು ಸಲ ನೋಡಿ. ಅದರಲ್ಲಿ ಲಿವರೇಜ್ (ಕಟ್ಟಿದ ದುಡ್ಡಿನ ಎಷ್ಟು ಪಟ್ಟು ಮೌಲ್ಯದ ಕಾಯಿನ್ ಹಿಡಿಯುತ್ತೀರಿ ಅನ್ನುವ ಅಂಕಿ, 10 ಎಕ್ಸ್ ಅಂದರೆ ಹತ್ತು ಪಟ್ಟು) ಅನ್ನುವ ಪದವೇ ಇಲ್ಲ.

0.05 ಬಿಟ್‌ಕಾಯಿನ್ ಕೈಲಿದ್ದರೆ 2,400 ಡಾಲರ್ ಏರಿಕೆಗೆ 120 ಬರುತ್ತದೆ. 5 ಎಕ್ಸ್ ಇರಲಿ, 50 ಎಕ್ಸ್ ಇರಲಿ, ಅದೇ 120. ಬದಲಾಗುವುದು ನೀವು ಕಟ್ಟಬೇಕಾದ ಮಾರ್ಜಿನ್ (ಒತ್ತೆ ದುಡ್ಡು) ಮಾತ್ರ. 0.05 × 1,00,000 = 5,000, ಹೀಗೆ ಹಿಡಿದ ಒಟ್ಟು ಮೌಲ್ಯವೇ ಪೊಸಿಷನ್. ಈ 5,000 ಡಾಲರ್ ಪೊಸಿಷನ್‌ಗೆ 5 ಎಕ್ಸ್‌ನಲ್ಲಿ 1,000 ಕಟ್ಟಬೇಕು, 10 ಎಕ್ಸ್‌ನಲ್ಲಿ 500, 50 ಎಕ್ಸ್‌ನಲ್ಲಿ 100. ಸೈಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡ ಹಾಗೆ. ಅಡ್ವಾನ್ಸ್ ಒಂದು ಲಕ್ಷ ಕೊಟ್ಟರೂ ಐದು ಲಕ್ಷ ಕೊಟ್ಟರೂ ಸೈಟಿನ ಬೆಲೆ ಏರುವುದು ಅಷ್ಟೇ.

ಹಾಗಿದ್ದರೆ ಜನ ಯಾಕೆ ಹತ್ತು ಪಟ್ಟು ಅನ್ನುತ್ತಾರೆ? ಕೈಲಿರುವ 500 ಅನ್ನು ಪೂರ್ತಿ ಹಾಕಿ, ಲಿವರೇಜ್ ಗುಂಡಿಯನ್ನು 10ರಿಂದ 50ಕ್ಕೆ ಎಳೆಯುತ್ತಾರೆ. ಆಗ ಪೊಸಿಷನ್ 5,000ದಿಂದ 25,000ಕ್ಕೆ ಹೋಗುತ್ತದೆ. ಐದು ಪಟ್ಟಾದದ್ದು ಸೈಜ್. ಲಾಭ, ನಷ್ಟ, ಶುಲ್ಕ ಮೂರೂ ಅದರ ಬಾಲ ಹಿಡಿದುಕೊಂಡು ಬರುತ್ತವೆ. ನನ್ನನ್ನು ಕೇಳಿದರೆ ಲಿವರೇಜ್ ಅಂಕಿಯನ್ನು ಕೊನೆಗೆ ನೋಡಿ, ಮೊದಲು ಸೈಜ್ ನೋಡಿ.

ಆಪ್ 24% ಅಂತ ತೋರಿಸ್ತಿದೆ, ಬಿಟ್‌ಕಾಯಿನ್ ಏರಿದ್ದು 2.4%. ಯಾವುದು ಸರಿ?

ಎರಡೂ ಸರಿ. ಆಪ್ 120 ಅನ್ನು ನೀವು 10 ಎಕ್ಸ್‌ನಲ್ಲಿ ಕಟ್ಟಿದ 500ರಿಂದ ಭಾಗಿಸುತ್ತದೆ. ಅದೇ ಟ್ರೇಡನ್ನು 50 ಎಕ್ಸ್‌ನಲ್ಲಿ ಮಾಡಿದ್ದರೆ 120% ಅಂತ ತೋರಿಸುತ್ತಿತ್ತು, ಬರುವ ದುಡ್ಡು ಮಾತ್ರ ಒಂದು ಪೈಸೆ ಹೆಚ್ಚಲ್ಲ. ಗ್ರೂಪ್‌ಗಳಲ್ಲಿ ಓಡಾಡುವ 800%, 1,200% ಸ್ಕ್ರೀನ್‌ಶಾಟ್‌ಗಳ ಗುಟ್ಟೂ ಇದೇ. ಅದರಲ್ಲಿ ಶೇಕಡಾ ಕಾಣುತ್ತದೆ, ಎಷ್ಟು ಡಾಲರ್ ಅನ್ನುವುದು ಕಾಣುವುದಿಲ್ಲ.

ಹಸಿರು ತೋರಿಸ್ತಿತ್ತು, ಕ್ಲೋಸ್ ಮಾಡಿದೆ. ವಾಲೆಟ್‌ನಲ್ಲಿ ದುಡ್ಡು ಕಮ್ಮಿ ಆಗಿದೆ. ಹೆಂಗೆ?

ನನಗೂ ಹೀಗೇ ಆಗಿತ್ತು. ರಾತ್ರಿ ಊಟ ಮಾಡುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದು ಕೂತಿದ್ದೆ. 1,00,000ಕ್ಕೆ 0.05 ಲಾಂಗ್, 50 ಎಕ್ಸ್. ಬೆಲೆ 1,00,080 ಆಯಿತು. ಆಪ್‌ನಲ್ಲಿ ಹಸಿರು ಬಣ್ಣದಲ್ಲಿ ಪ್ಲಸ್ 4 ಡಾಲರ್, ಪಕ್ಕದಲ್ಲಿ 4%. ಸಾಕು ಅಂತ ಮುಚ್ಚಿದೆ. ವಾಲೆಟ್ ತೆರೆದರೆ ಸುಮಾರು ಎರಡು ಡಾಲರ್ ಮಾಯ. (ಅಂಕಿಗಳನ್ನು ಈ ಪುಟದ ಲೆಕ್ಕಕ್ಕೆ ಹೊಂದಿಸಿದ್ದೇನೆ, ಆದದ್ದು ಆದದ್ದೇ.)

ಬಿಡಿಸಿ ನೋಡಿ. ಕೊಳ್ಳುವಾಗ 5,000ದ ಮೇಲೆ 0.05% ಅಂದರೆ 2.50. ಮುಚ್ಚುವಾಗ 5,004ರ ಮೇಲೆ ಮತ್ತೆ 2.50. ಶುಲ್ಕವೇ 5 ಡಾಲರ್. ಭಾರತದ ಎಕ್ಸ್‌ಚೇಂಜ್ ಆದರೆ ಆ ಶುಲ್ಕದ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೊಂದು 90 ಸೆಂಟ್. ಬಂದದ್ದು 4, ಹೋದದ್ದು 5.90.

ಶುಲ್ಕ ಬೀಳುವುದು ಪೂರ್ತಿ ಪೊಸಿಷನ್ ಮೇಲೆ, ನೀವು ಕಟ್ಟಿದ ಮಾರ್ಜಿನ್ ಮೇಲಲ್ಲ. 5,000ಕ್ಕೆ 5.90 ಅಂದರೆ ಏನೂ ಅಲ್ಲ ಅನಿಸುತ್ತದೆ. ಆದರೆ 50 ಎಕ್ಸ್‌ನಲ್ಲಿ ನಿಮ್ಮದು ಬರೀ 100 ಡಾಲರ್, ಅದರಲ್ಲಿ ಸುಮಾರು 6% ಒಂದೇ ಟ್ರೇಡಿಗೆ ಸವೆಯಿತು. ಬಹಳಷ್ಟು ಆಪ್‌ಗಳು ತೆರೆದ ಪೊಸಿಷನ್‌ನ ಲಾಭ ತೋರಿಸುವಾಗ ಈ ಶುಲ್ಕ ಕಳೆದಿರುವುದಿಲ್ಲ.

ಹಂಗಾದ್ರೆ ಬೆಲೆ ಎಷ್ಟಕ್ಕೆ ಹೋದ್ರೆ ಅಸಲು ಸಿಗುತ್ತೆ?

ಎರಡೂ ಕಡೆ 0.05% ಆದರೆ ಕೊಂಡ ಬೆಲೆಗಿಂತ 0.1% ಮೇಲೆ, ಜಿಎಸ್‌ಟಿ ಸೇರಿದರೆ ಸುಮಾರು 0.12% ಮೇಲೆ. ನಮ್ಮ ಉದಾಹರಣೆಯಲ್ಲಿ 1,00,118 ಹತ್ತಿರ. ಲಿಮಿಟ್ ಆರ್ಡರ್ (ಇಂಥ ಬೆಲೆಗೇ ಬೇಕು ಅನ್ನುವ ಆರ್ಡರ್) ಇಟ್ಟು, ಅದು ಕಾದು ಕೂತು ತುಂಬಿದರೆ ಮೇಕರ್ ದರ ಸಿಗುತ್ತದೆ, ಅದು ಸಾಮಾನ್ಯವಾಗಿ ಕಮ್ಮಿ. ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಈಗಲೇ ಅನ್ನುವ ಆರ್ಡರ್) ಒತ್ತಿದರೆ ಟೇಕರ್ ದರ. ದಿನಕ್ಕೆ ಇಪ್ಪತ್ತು ಸಲ ಒಳಗೆ ಹೊರಗೆ ಓಡಾಡುವವರಿಗೆ ಈ ವ್ಯತ್ಯಾಸ ಚಾರ್ಟ್ ಓದುವುದಕ್ಕಿಂತ ಮುಖ್ಯ.

## ಸ್ವಲ್ಪ ಕೈ ಪಳಗಿದವರಿಗೆ

ರಾತ್ರಿ ಒಂಬತ್ತೂವರೆಗೆ ವಾಲೆಟ್‌ನಿಂದ ಸ್ವಲ್ಪ ದುಡ್ಡು ಕಟ್ ಆಗಿದೆ. ನಾನೇನೂ ಮಾಡಿಲ್ಲ

ಅದು ಫಂಡಿಂಗ್. ಪರ್ಪೆಚುವಲ್ ಫ್ಯೂಚರ್ಸ್‌ಗೆ ಮುಗಿಯುವ ದಿನ ಇಲ್ಲ. ಹಾಗಾಗಿ ಅದರ ಬೆಲೆ ನಿಜವಾದ ಕಾಯಿನ್ ಬೆಲೆಯಿಂದ ದೂರ ಹೋಗದ ಹಾಗೆ ಎಳೆದು ನಿಲ್ಲಿಸುವುದಕ್ಕೆ ಈ ವ್ಯವಸ್ಥೆ. ಲಾಂಗ್‌ಗಳ ಒತ್ತಡ ಜಾಸ್ತಿ ಇದ್ದರೆ ಲಾಂಗ್‌ನವರು ಶಾರ್ಟ್‌ನವರಿಗೆ ಕೊಡುತ್ತಾರೆ. ದರ ಮೈನಸ್‌ಗೆ ಹೋದರೆ ಶಾರ್ಟ್‌ನವರು ಕೊಡುತ್ತಾರೆ.

ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಹೆಚ್ಚಾಗಿ ಎಂಟು ಗಂಟೆಗೊಮ್ಮೆ ಇರುತ್ತದೆ. ನಮ್ಮ ಗಡಿಯಾರಕ್ಕೆ ಬೆಳಗ್ಗೆ 5:30, ಮಧ್ಯಾಹ್ನ 1:30, ರಾತ್ರಿ 9:30. ಕೆಲವು ಕಾಯಿನ್‌ಗಳಿಗೆ ನಾಲ್ಕು ಗಂಟೆಗೊಮ್ಮೆ, ಕೆಲವು ಕಡೆ ಗಂಟೆಗೊಮ್ಮೆಯೂ ಉಂಟು. ಆ ಕ್ಷಣಕ್ಕೆ ಪೊಸಿಷನ್ ತೆರೆದಿದ್ದವರಿಗೆ ಮಾತ್ರ ಅನ್ವಯ. 9:25ಕ್ಕೆ ಮುಚ್ಚಿದವರಿಗೆ ಇಲ್ಲ.

ಲೆಕ್ಕ ಸುಲಭ: ಪೊಸಿಷನ್‌ನ ಪೂರ್ತಿ ಮೌಲ್ಯ × ದರ. 5,000 × 0.01% = ಅರ್ಧ ಡಾಲರ್. ಎರಡು ದಿನಕ್ಕೆ ಆರು ಸಲ, 3 ಡಾಲರ್. ಮಾರ್ಕೆಟ್ ಹುಚ್ಚೆದ್ದು ದರ 0.1% ಆದರೆ? ಒಂದು ಸಲಕ್ಕೆ 5, ದಿನಕ್ಕೆ 15. 500 ಮಾರ್ಜಿನ್‌ಗೆ ದಿನಕ್ಕೆ 3%. ಬೆಲೆ ಅಲ್ಲಾಡದೇ ಇದ್ದರೂ ಇದು ಹೋಗುತ್ತದೆ. ತಿಂಗಳುಗಟ್ಟಲೆ ಪೊಸಿಷನ್ ಇಡುವವರು 0.01%ನ್ನೂ ಕಡೆಗಣಿಸಬಾರದು, ವರ್ಷಕ್ಕೆ ಅದು ಪೊಸಿಷನ್ ಮೌಲ್ಯದ 10.95% ಆಗುತ್ತದೆ.

ಎಲ್ಲ ಕಳೆದು ಕೈಗೆ ಬರೋದು ಎಷ್ಟು? ರೂಪಾಯಿಯಲ್ಲಿ ಹೇಳಿ

ನಮ್ಮ 120ರ ಟ್ರೇಡ್ ತಗೊಳ್ಳಿ, ಎರಡು ದಿನ ಇಟ್ಟಿದ್ದಿರಿ.

ಒಟ್ಟು ಲಾಭ 120. ಕೊಂಡಾಗ ಶುಲ್ಕ 2.50, ಮುಚ್ಚಿದಾಗ 5,120ರ ಮೇಲೆ 2.56. ಎರಡೂ ಸೇರಿ 5.06, ಅದರ ಮೇಲೆ ಜಿಎಸ್‌ಟಿ 0.91. ಫಂಡಿಂಗ್ 3. ಉಳಿದದ್ದು 111.03 ಯುಎಸ್‌ಡಿಟಿ. 90ರ ಲೆಕ್ಕಕ್ಕೆ 9,993 ರೂಪಾಯಿ.

ಇಲ್ಲೊಂದು ಕಳ್ಳ ಹೊಂಡ ಇದೆ. ನೀವು ಯುಎಸ್‌ಡಿಟಿ ಕೊಂಡ ರೇಟು ಮತ್ತು ಮಾರುವ ರೇಟು ಒಂದೇ ಆಗಿರುವುದಿಲ್ಲ. ನಮ್ಮಲ್ಲಿ ಅದರ ಬೆಲೆ ಬ್ಯಾಂಕಿನ ಡಾಲರ್ ರೇಟಿಗಿಂತ ಮೇಲಿರುವುದೇ ಹೆಚ್ಚು. 92ಕ್ಕೆ 500 ಕೊಂಡು, 90ಕ್ಕೆ ಮಾರಿದರೆ ಅಸಲಿನ ಮೇಲೇ 1,000 ರೂಪಾಯಿ ಹೋಯಿತು. ಟ್ರೇಡಿನ ಲಾಭದಲ್ಲಿ ಹತ್ತನೇ ಒಂದು ಭಾಗ. ಆಪ್‌ನ ಯಾವ ಪುಟದಲ್ಲೂ ಇದು ಕಾಣುವುದಿಲ್ಲ.

ಇಳಿದಾಗ ಇನ್ನೂ ಸ್ವಲ್ಪ ತಗೊಂಡೆ. ಈಗ ನನ್ನ ಕೊಂಡ ಬೆಲೆ ಯಾವುದು?

ಸುಮ್ನೆ ಎರಡು ಬೆಲೆ ಕೂಡಿಸಿ ಎರಡರಿಂದ ಭಾಗಿಸಬೇಡಿ. 1,00,000ಕ್ಕೆ 0.05, 96,000ಕ್ಕೆ 0.10 ತಗೊಂಡಿದ್ದರೆ ಹಾಕಿದ ಒಟ್ಟು ಮೌಲ್ಯ 5,000 + 9,600 = 14,600. ಅದನ್ನು 0.15ರಿಂದ ಭಾಗಿಸಿ: 97,333. ಅರ್ಧ ಮಾರಿದರೆ ಹೆಚ್ಚಿನ ಕಡೆ ಈ ಸರಾಸರಿ ಬದಲಾಗುವುದಿಲ್ಲ, ಆ ಅರ್ಧದ ಲಾಭ-ನಷ್ಟ ಮಾತ್ರ ಖಾತೆಗೆ ಬೀಳುತ್ತದೆ. ಸರಾಸರಿ ಇಳಿಯಿತು ಅಂತ ಖುಷಿಪಡುವ ಮುಂಚೆ ಒಂದು ನೋಡಿ: ಪೊಸಿಷನ್ ಮೂರು ಪಟ್ಟಾಗಿದೆ. ಇನ್ನು ಪ್ರತಿ ನೂರು ಡಾಲರ್ ಇಳಿತಕ್ಕೆ 5 ಅಲ್ಲ, 15 ಹೋಗುತ್ತದೆ.

ಲಿಕ್ವಿಡೇಶನ್ ಬೆಲೆ ನಾನೇ ಲೆಕ್ಕ ಹಾಕ್ಬಹುದಾ?

ಹಾಕಬಹುದು. ಲಿಕ್ವಿಡೇಶನ್ ಅಂದರೆ ನಷ್ಟ ಮಾರ್ಜಿನ್ ತಿಂದುಹಾಕಿದಾಗ ಎಕ್ಸ್‌ಚೇಂಜೇ ನಿಮ್ಮ ಪೊಸಿಷನ್ ಮುಚ್ಚುವುದು. 10 ಎಕ್ಸ್ ಅಂದರೆ 10% ಇಳಿದಾಗ ಮುಗಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕೂ ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ಎಕ್ಸ್‌ಚೇಂಜ್ ಮೆಂಟೆನೆನ್ಸ್ ಮಾರ್ಜಿನ್ ಅಂತ ಒಂದಿಷ್ಟು ಉಳಿಸಿಕೊಂಡೇ ಕತ್ತರಿ ಹಾಕುತ್ತದೆ.

ಅದು 0.4% ಅನ್ನಿ. ಲಾಂಗ್‌ಗೆ: ಕೊಂಡ ಬೆಲೆಯಲ್ಲಿ ಮಾರ್ಜಿನ್‌ನ ಪಾಲು ತೆಗೆಯಿರಿ, 0.996ರಿಂದ ಭಾಗಿಸಿ. 10 ಎಕ್ಸ್‌ಗೆ 90,000 ÷ 0.996 = 90,361. 20 ಎಕ್ಸ್‌ಗೆ 95,000 ÷ 0.996 = 95,382. 100 ಎಕ್ಸ್‌ಗೆ 99,398, ಅಂದರೆ ಬೆಲೆ 0.6% ಅಲ್ಲಾಡಿದರೆ ಸಾಕು. ಬಿಟ್‌ಕಾಯಿನ್ ಅಷ್ಟು ಅಲ್ಲಾಡುವುದಕ್ಕೆ ನೀವು ಟೀ ಕುಡಿದು ಮುಗಿಸುವಷ್ಟು ಹೊತ್ತೂ ಬೇಡ. ಶಾರ್ಟ್ ಆದರೆ ಕೂಡಿಸಿ 1.004ರಿಂದ ಭಾಗಿಸಿ: 10 ಎಕ್ಸ್‌ಗೆ 1,09,562.

ಇದು ಐಸೊಲೇಟೆಡ್ ಮಾರ್ಜಿನ್‌ನ ಲೆಕ್ಕ. ಅಲ್ಲಿ ಹೋಗುವುದು ಆ ಟ್ರೇಡಿಗೆ ಕಟ್ಟಿದ ದುಡ್ಡು ಮಾತ್ರ. ಕ್ರಾಸ್ ಮಾರ್ಜಿನ್‌ನಲ್ಲಿ ವಾಲೆಟ್ ಪೂರ್ತಿ ಒತ್ತೆ. ಲಿಕ್ವಿಡೇಶನ್ ಬೆಲೆ ದೂರ ಹೋಗುತ್ತದೆ, ಆದರೆ ಮುಟ್ಟಿತೋ ಎಲ್ಲ ಹೋಗುತ್ತದೆ.

ಕಮ್ಮಿ ಲಿವರೇಜ್ ಅಂದರೆ ಭಯವೇ ಇಲ್ಲ ಅಂತಲೂ ಅಲ್ಲ. 2020ರ ಮಾರ್ಚ್ 12ರಂದು 8,000 ಡಾಲರ್ ಹತ್ತಿರ ಇದ್ದ ಬಿಟ್‌ಕಾಯಿನ್ ಒಂದು ದಿನದೊಳಗೆ 4,000ಕ್ಕಿಂತ ಕೆಳಗೆ ಹೋಗಿ ಬಂತು. 2 ಎಕ್ಸ್ ಲಾಂಗ್‌ಗಳೂ ಅವತ್ತು ಅಂಚಿಗೆ ಬಂದು ನಿಂತಿದ್ದವು.

ಚಾರ್ಟ್‌ನಲ್ಲಿ ಬೆಲೆ ಮುಟ್ಟೇ ಇಲ್ಲ, ಆದ್ರೂ ಲಿಕ್ವಿಡೇಟ್ ಆಯ್ತು. ಮೋಸ ಅಲ್ವಾ?

ನೀವು ನೋಡುತ್ತಿದ್ದದ್ದು ಕೊನೆಯ ವಹಿವಾಟಿನ ಬೆಲೆ. ಲಿಕ್ವಿಡೇಶನ್ ನಡೆಯುವುದು ಮಾರ್ಕ್ ಪ್ರೈಸ್ ಮೇಲೆ. ಹಲವು ಎಕ್ಸ್‌ಚೇಂಜ್‌ಗಳ ಸ್ಪಾಟ್ ಬೆಲೆ (ಕಾಯಿನ್ ಅನ್ನೇ ನೇರವಾಗಿ ಕೊಳ್ಳುವ-ಮಾರುವ ಬೆಲೆ) ಸೇರಿಸಿ ಅದನ್ನು ಕಟ್ಟುತ್ತಾರೆ. ತೆರೆದ ಪೊಸಿಷನ್‌ನ ಲಾಭವನ್ನೂ ಸಾಮಾನ್ಯವಾಗಿ ಅದರ ಮೇಲೇ ತೋರಿಸುತ್ತಾರೆ. ಚಾರ್ಟ್‌ನಲ್ಲಿ ಮಾರ್ಕ್ ಪ್ರೈಸ್ ಗೆರೆ ಹಾಕಿಕೊಂಡು ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

1000 ಪೆಪೆ ಅಂತ ಇದೆ. ಒಂದು ತಗೊಂಡ್ರೆ ಒಂದು ಕಾಯಿನ್ನಾ, ಸಾವಿರಾನಾ?

ಸಾವಿರ. ಪೆಪೆ, ಶಿಬಾ ಇನು ತರಹದ ಪೈಸೆಗಿಂತ ಚಿಕ್ಕ ಬೆಲೆಯ ಕಾಯಿನ್‌ಗಳನ್ನು ಬೈನಾನ್ಸ್‌ನಂಥ ಕಡೆ ಸಾವಿರದ ಕಟ್ಟಿನಲ್ಲಿ ಮಾರುತ್ತಾರೆ. ಬೆಲೆಯೂ ಸಾವಿರಕ್ಕೇ. ಇನ್ನು ಕೆಲವು ಕಡೆ ಒಂದು ಕಾಂಟ್ರಾಕ್ಟ್ ಅಂದರೆ 0.001 ಬಿಟ್‌ಕಾಯಿನ್, ಕೆಲವು ಕಡೆ 0.01. ಎಕ್ಸ್‌ಚೇಂಜ್ ಬದಲಿಸಿದ ದಿನ ಮೊದಲು ನೋಡಬೇಕಾದದ್ದು ಇದು. ಇಲ್ಲಿ ತಪ್ಪಿದರೆ ಹತ್ತು ಪಟ್ಟು ತಪ್ಪುತ್ತದೆ.

## ಆಳಕ್ಕೆ ಇಳಿಯುವವರಿಗೆ

ಒಂದು ಟ್ರೇಡ್‌ನಲ್ಲಿ 1,800 ರೂಪಾಯಿಗಿಂತ ಜಾಸ್ತಿ ಕಳ್ಕೊಳ್ಳೋಕೆ ನಾನು ತಯಾರಿಲ್ಲ. ಎಷ್ಟು ತಗೋಬೇಕು?

ಇಷ್ಟು ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಇದು. ಹೆಚ್ಚಿನವರು ಲಾಭ ಎಷ್ಟು ಅಂತ ಶುರು ಮಾಡುತ್ತಾರೆ, ಇವರು ನಷ್ಟದಿಂದ ಶುರು ಮಾಡಿದ್ದಾರೆ.

1,800 ರೂಪಾಯಿ ಅಂದರೆ 20 ಯುಎಸ್‌ಡಿಟಿ. ಸ್ಟಾಪ್‌ಲಾಸ್ 98,000ಕ್ಕೆ ಇಡುತ್ತೀರಿ (ಬೆಲೆ ಅಲ್ಲಿಗೆ ಬಿದ್ದರೆ ತಾನಾಗೇ ಮಾರುವ ಆರ್ಡರ್), ಅಂದರೆ ಒಂದು ಪೂರ್ತಿ ಬಿಟ್‌ಕಾಯಿನ್‌ಗೆ 2,000 ನಷ್ಟ. 20 ÷ 2,000 = 0.01 ಬಿಟ್‌ಕಾಯಿನ್ ಅಂತ ಬಾಯಿಲೆಕ್ಕ ಹೇಳುತ್ತದೆ. ಆದರೆ ಶುಲ್ಕ? ಒಂದು ಬಿಟ್‌ಕಾಯಿನ್‌ಗೆ ಹೋಗುವಾಗ 50, ಬರುವಾಗ 49, ಜಿಎಸ್‌ಟಿ ಸೇರಿ 117. ಹಾಗಾಗಿ 20 ÷ 2,117 = 0.00945. ಎಕ್ಸ್‌ಚೇಂಜ್ 0.001ರ ಹೆಜ್ಜೆಯಲ್ಲಿ ತಗೊಂಡರೆ 0.009. ಮೇಲಕ್ಕೆ ದುಂಡಾಗಿಸಬೇಡಿ, ಕೆಳಕ್ಕೆ. ಉಳಿದ ಚೂರು ಸ್ಲಿಪೇಜ್‌ಗೆ ಇರಲಿ. ಬೆಲೆ ಧಡಕ್ಕನೆ ಬಿದ್ದಾಗ 98,000ದ ಸ್ಟಾಪ್ 97,900ಕ್ಕೋ 97,800ಕ್ಕೋ ತುಂಬುವುದು ಮಾಮೂಲು.

ಲಿವರೇಜ್ ಎಷ್ಟು ಇಡಬೇಕು? ಲಿಕ್ವಿಡೇಶನ್ ಬೆಲೆ ಸ್ಟಾಪ್‌ಗಿಂತ ಚೆನ್ನಾಗಿ ಕೆಳಗಿರುವಷ್ಟು. ಇಲ್ಲಿ 10 ಎಕ್ಸ್ ಧಾರಾಳ ಸಾಕು. 50 ಎಕ್ಸ್ ಇಟ್ಟರೆ ಲಿಕ್ವಿಡೇಶನ್ 98,394ಕ್ಕೇ ಬಂದುಬಿಡುತ್ತದೆ, ನಿಮ್ಮ ಸ್ಟಾಪ್ ಬರೀ ಅಲಂಕಾರ.

ಕಾಯಿನ್ ಮಾರ್ಜಿನ್ ಕಾಂಟ್ರಾಕ್ಟ್‌ನಲ್ಲಿ ನಿಮ್ಮ ಸೂತ್ರ ಕೂಡ್ತಾ ಇಲ್ಲ

ಕೂಡುವುದಿಲ್ಲ, ಅದು ಬೇರೆ ಜಾತಿ. 2016ರಲ್ಲಿ ಬಿಟ್‌ಮೆಕ್ಸ್ ಎಕ್ಸ್‌ಚೇಂಜ್ ಪರ್ಪೆಚುವಲ್ ಶುರು ಮಾಡಿದಾಗ ಇದ್ದದ್ದು ಈ ತರಹವೇ. ಒಂದು ಕಾಂಟ್ರಾಕ್ಟ್ ಅಂದರೆ ಒಂದು ಡಾಲರ್, ಆದರೆ ಮಾರ್ಜಿನ್ನೂ ಲಾಭವೂ ಬಿಟ್‌ಕಾಯಿನ್‌ನಲ್ಲಿ. ಲಾಂಗ್‌ಗೆ ಸೂತ್ರ: ಕಾಂಟ್ರಾಕ್ಟ್ ಸಂಖ್ಯೆ × (1 ÷ ಕೊಂಡ ಬೆಲೆ − 1 ÷ ಮಾರಿದ ಬೆಲೆ).

1,00,000ಕ್ಕೆ 5,000 ಕಾಂಟ್ರಾಕ್ಟ್ ಲಾಂಗ್. 1,25,000ಕ್ಕೆ ಏರಿದರೆ 0.01 ಬಿಟ್‌ಕಾಯಿನ್ ಲಾಭ. ಅಷ್ಟೇ 25,000 ಇಳಿದು 75,000 ಆದರೆ? ನಷ್ಟ 0.01 ಅಲ್ಲ, 0.0167. ಏರಿಕೆಗೆ ಕೊಡುವುದಕ್ಕಿಂತ ಇಳಿತಕ್ಕೆ ಕಿತ್ತುಕೊಳ್ಳುವುದು ಜಾಸ್ತಿ. ಮೇಲಾಗಿ ಒತ್ತೆ ಇಟ್ಟ ಬಿಟ್‌ಕಾಯಿನ್ ಬೆಲೆಯೂ ಅದೇ ಹೊತ್ತಿಗೆ ಬಿದ್ದಿರುತ್ತದೆ. ಸರಾಸರಿ ಬೆಲೆಗೂ ಇಲ್ಲಿ ಬೇರೆ ಲೆಕ್ಕ: ಒಟ್ಟು ಕಾಂಟ್ರಾಕ್ಟ್‌ಗಳನ್ನು ಕೊಂಡಾಗ ಅವಕ್ಕೆ ಸಮವಾಗಿದ್ದ ಒಟ್ಟು ಬಿಟ್‌ಕಾಯಿನ್‌ನಿಂದ ಭಾಗಿಸಬೇಕು.

ಡೇಟ್ ಇರೋ ಫ್ಯೂಚರ್ಸ್‌ನಲ್ಲಿ ಫಂಡಿಂಗ್ ಇಲ್ಲ. ಹಂಗಾದ್ರೆ ಅದೇ ಅಗ್ಗ ಅಲ್ವಾ?

ಫಂಡಿಂಗ್ ಬೆಲೆಯೊಳಗೇ ಕೂತಿರುತ್ತದೆ. ಸ್ಪಾಟ್ 1,00,000 ಇರುವಾಗ ಮೂರು ತಿಂಗಳ ಫ್ಯೂಚರ್ಸ್ 1,02,000ಕ್ಕೆ ಸಿಗಬಹುದು. ಸ್ಪಾಟ್ ಒಂದಿಂಚೂ ಅಲ್ಲಾಡದೆ ಮುಕ್ತಾಯದ ದಿನ ಬಂದರೆ ಆ 2,000 ನಿಮ್ಮ ನಷ್ಟ. ಅಮೆರಿಕದ ಸಿಎಂಇ ಎಕ್ಸ್‌ಚೇಂಜ್‌ನಲ್ಲಿ 2017ರ ಡಿಸೆಂಬರ್‌ನಿಂದ ಇಂಥ ಫ್ಯೂಚರ್ಸ್ ನಡೆಯುತ್ತಿದೆ. ಅಲ್ಲಿ ಒಂದು ಕಾಂಟ್ರಾಕ್ಟ್ ಅಂದರೆ 5 ಬಿಟ್‌ಕಾಯಿನ್, ಬೆಲೆ 5 ಡಾಲರ್ ಅಲ್ಲಾಡಿದರೆ 25 ಡಾಲರ್ ಲಾಭ ಅಥವಾ ನಷ್ಟ. 2021ರಲ್ಲಿ ಬಂದ ಮೈಕ್ರೊ ಕಾಂಟ್ರಾಕ್ಟ್ 0.1 ಬಿಟ್‌ಕಾಯಿನ್‌ದು.

ಲಾಭದಲ್ಲಿದ್ದ ಶಾರ್ಟ್ ತಾನಾಗೇ ಕ್ಲೋಸ್ ಆಗಿದೆ. ಇದನ್ನ ಹೆಂಗೆ ಅಂದಾಜು ಮಾಡೋದು?

ಅದಕ್ಕೆ ಎಡಿಎಲ್ (ಆಟೋ ಡಿಲೀವರೇಜಿಂಗ್) ಅನ್ನುತ್ತಾರೆ. ಸೋತವರ ಮಾರ್ಜಿನ್ ಸಾಲದೆ, ಎಕ್ಸ್‌ಚೇಂಜ್‌ನ ವಿಮಾ ನಿಧಿಯೂ ತಡೆಯಲಾರದೆ ಹೋದಾಗ ಗೆದ್ದವರ ಪೊಸಿಷನ್ ಕತ್ತರಿಸಿ ಲೆಕ್ಕ ಸರಿಮಾಡುತ್ತಾರೆ. 2025ರ ಅಕ್ಟೋಬರ್ 10ರಂದು ಟ್ರಂಪ್ ಚೀನಾ ಮೇಲೆ ಇನ್ನೂ 100% ಸುಂಕ ಅಂತ ಘೋಷಿಸಿದ ಮೇಲೆ ಇದು ದೊಡ್ಡ ಮಟ್ಟದಲ್ಲಿ ಆಯಿತು. ನಮ್ಮಲ್ಲಿ ಆಗ 11ರ ನಸುಕು, ಹೆಚ್ಚಿನವರು ನಿದ್ದೆಯಲ್ಲಿದ್ದರು. ಸುಮಾರು 1,900 ಕೋಟಿ ಡಾಲರ್ ಪೊಸಿಷನ್‌ಗಳು ಲಿಕ್ವಿಡೇಟ್ ಆದವು. ಒಂದು ಕಡೆ ಲಾಂಗ್, ಇನ್ನೊಂದು ಕಡೆ ಶಾರ್ಟ್ ಹಿಡಿದು ಸಮತೋಲನ ಮಾಡಿಕೊಂಡವರ ಪಾಡು ಇನ್ನೂ ಕಷ್ಟ. ಶಾರ್ಟ್ ಕಾಲು ಕತ್ತರಿಸಿದರೆ ಲಾಂಗ್ ಒಂಟಿಯಾಗಿ ಉಳಿಯುತ್ತದೆ. ಬಹಳಷ್ಟು ಎಕ್ಸ್‌ಚೇಂಜ್‌ಗಳು ಪೊಸಿಷನ್ ಪಕ್ಕ ಎಡಿಎಲ್ ಸರದಿ ತೋರಿಸುವ ಚಿಕ್ಕ ದೀಪಗಳನ್ನು ಇಟ್ಟಿವೆ. ಲಾಭ, ಲಿವರೇಜ್ ಎರಡೂ ಜಾಸ್ತಿ ಇದ್ದವರು ಸರದಿಯಲ್ಲಿ ಮುಂದೆ.

ಟ್ಯಾಕ್ಸ್ ಆದ್ಮೇಲೆ ಉಳಿಯೋದು ಎಷ್ಟು?

ಕ್ರಿಪ್ಟೋ ಕಾಯಿನ್ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30% ತೆರಿಗೆ, ಮೇಲೆ 4% ಸೆಸ್. ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯುವ ಹಾಗಿಲ್ಲ. ಫ್ಯೂಚರ್ಸ್‌ನಲ್ಲಿ ಕಾಯಿನ್ ಕೈ ಬದಲಾಯಿಸುವುದಿಲ್ಲ, ಕಾನೂನು ಅದನ್ನು ಹೆಸರು ಹಿಡಿದು ಹೇಳಿಲ್ಲ. ಹಾಗಾಗಿ ಅದನ್ನು ವ್ಯಾಪಾರದ ಆದಾಯ ಅಂತ ತೋರಿಸುವ ಸಿಎಗಳಿದ್ದಾರೆ, 30%ಕ್ಕೇ ಸೇರಿಸಿ ಅನ್ನುವವರೂ ಇದ್ದಾರೆ. ಅಂದಾಜು ಮಾಡುವಾಗ ನಾನು ಕೆಟ್ಟ ಲೆಕ್ಕವನ್ನೇ ಹಿಡಿಯುತ್ತೇನೆ: 9,993ರಲ್ಲಿ 31.2% ತೆಗೆದರೆ 6,875. ರಿಟರ್ನ್ ತುಂಬುವ ಮುಂಚೆ ನಿಮ್ಮ ಸಿಎ ಹತ್ತಿರ ಕೂತು ಮಾತಾಡಿ.

ಇನ್ನೊಂದು ಇದೆ. ಯುಎಸ್‌ಡಿಟಿಯನ್ನು ರೂಪಾಯಿ ಮಾಡುವುದೂ ಕ್ರಿಪ್ಟೋ ಮಾರಾಟವೇ. ಮಿತಿ ದಾಟಿದರೆ 1% ಟಿಡಿಎಸ್, ಅದೂ ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ಅಸಲು ಲಾಭ ಸೇರಿ 611 ಯುಎಸ್‌ಡಿಟಿ ತೆಗೆದರೆ 550 ರೂಪಾಯಿ ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಮಾತ್ರ ಸಿಕ್ಕಿಕೊಂಡಿರುತ್ತದೆ.

ಹತ್ತರಲ್ಲಿ ಆರು ಟ್ರೇಡ್ ಗೆಲ್ತೀನಿ. ಆದ್ರೂ ತಿಂಗಳ ಕೊನೆಗೆ ಮೈನಸ್. ಎಲ್ಲಿ ಸೋರ್ತಿದೆ?

ಗೆದ್ದದ್ದೆಷ್ಟು, ಸೋತದ್ದೆಷ್ಟು ಬರೆದುಕೊಳ್ಳಿ. ಆರು ಸಲ ತಲಾ 40 ಬಂದರೆ 240. ನಾಲ್ಕು ಸಲ ತಲಾ 70 ಹೋದರೆ 280. ಅಲ್ಲೇ 40 ಮೈನಸ್. ಹತ್ತು ಟ್ರೇಡಿಗೆ ತಲಾ 6 ಶುಲ್ಕ ಸೇರಿಸಿದರೆ ಮೈನಸ್ 100.

ಷೇರು ಮಾರುಕಟ್ಟೆಯ ಫ್ಯೂಚರ್ಸ್-ಆಪ್ಷನ್ಸ್ ಬಗ್ಗೆ ಸೆಬಿ 2024ರಲ್ಲಿ ಕೊಟ್ಟ ವರದಿಯಲ್ಲಿ ಮೂರು ವರ್ಷಗಳಲ್ಲಿ 93% ವೈಯಕ್ತಿಕ ಟ್ರೇಡರ್‌ಗಳು ನಷ್ಟದಲ್ಲಿದ್ದರು. ಅದು ಕ್ರಿಪ್ಟೋ ಲೆಕ್ಕ ಅಲ್ಲ, ಆದರೆ ಅದರಲ್ಲಿ ಜನ ಕಟ್ಟಿದ ವಹಿವಾಟಿನ ವೆಚ್ಚವೇ ಸುಮಾರು 50,000 ಕೋಟಿ ರೂಪಾಯಿ ಇತ್ತು.

ನಿಮ್ಮದು ಎಲ್ಲಿ ಸೋರುತ್ತಿದೆ ಅಂತ ನೋಡಲು ಒಂದು ಎಕ್ಸೆಲ್ ಹಾಳೆಯೋ ಹತ್ತು ರೂಪಾಯಿಯ ನೋಟ್‌ಬುಕ್ಕೋ ಸಾಕು. ಕೊಂಡ ಬೆಲೆ, ಮಾರಿದ ಬೆಲೆ, ಸೈಜ್, ಶುಲ್ಕ, ಫಂಡಿಂಗ್. ಕೊನೆಗೆ ಎರಡು ಕಾಲಂ: ಆಪ್ ತೋರಿಸಿದ ಲಾಭ, ವಾಲೆಟ್‌ನಲ್ಲಿ ಏರಿದ ದುಡ್ಡು. ನನ್ನ ಪುಸ್ತಕದಲ್ಲಿ ಮೊದಲ ಮೂರು ತಿಂಗಳು ಈ ಎರಡು ಕಾಲಂ ಒಂದು ಸಲವೂ ಒಂದೇ ಇರಲಿಲ್ಲ.